ಬ್ಲೋವರ್ ನಾಲ್ಕರಲ್ಲಿ ಮಾತ್ರ ತಿರುಗುತ್ತಿದೆ, ಏನು ಮಾಡಲಿ?

ಪ್ರಶ್ನೆ: ನನ್ನದು 2006ರ ಸಣ್ಣ ಪೆಟ್ರೋಲ್ ಕಾರು. ಮಾದಾಪುರದ ದಾರಿಯಲ್ಲಿ ದಿನವೂ ಮಡಿಕೇರಿಗೆ ಓಡಾಡುತ್ತೇನೆ. ಹೀಟರಿನ ಫ್ಯಾನ್ (ಬ್ಲೋವರ್) 1, 2, 3ರಲ್ಲಿ ತಿರುಗುವುದೇ ಇಲ್ಲ. 4ಕ್ಕೆ ಹಾಕಿದರೆ ಮಾತ್ರ ಜೋರಾಗಿ ಓಡುತ್ತದೆ, ಜೊತೆಗೆ ಗರಗರ ಸದ್ದು. ಹೋದ ವರ್ಷವೂ ಹೀಗಾಗಿ ರೆಸಿಸ್ಟರ್ ಬದಲಿಸಿದ್ದರು. ಈಗ ಮತ್ತೆ ಅದೇ ಸುಟ್ಟಿದೆ ಎನ್ನುತ್ತಾರೆ. ನಾನೇ ಸರಿಪಡಿಸಿಕೊಳ್ಳಬಹುದೇ?
– ಓದುಗರು, ಸೋಮವಾರಪೇಟೆ

ಉತ್ತರ: ಸ್ಕ್ರೂ ಡ್ರೈವರ್ ಹಿಡಿದು ಅಭ್ಯಾಸವಿದ್ದರೆ ಖಂಡಿತ ಮಾಡಿಕೊಳ್ಳಬಹುದು. ನಿಮ್ಮ ಗ್ಯಾರೇಜಿನವರು ಹೇಳಿದ್ದು ತಪ್ಪಲ್ಲ, ಆದರೆ ಅರ್ಧಕ್ಕೆ ನಿಲ್ಲಿಸಿದ್ದಾರೆ. ರೆಸಿಸ್ಟರ್ ಸುಮ್ಮನೆ ಸುಡುವುದಿಲ್ಲ. ಒಂದೇ ವರ್ಷದಲ್ಲಿ ಎರಡನೆಯ ಸಲ ಸುಟ್ಟಿದೆ ಎಂದರೆ ಅದನ್ನು ಸುಡುತ್ತಿರುವುದು ಬೇರೇನೋ ಇದೆ. ಆ ಗರಗರ ಸದ್ದೇ ನಿಮಗೆ ದಾರಿ ತೋರಿಸುತ್ತಿದೆ.

ಆ ಕಾಲದ ಬಹುತೇಕ ಸಣ್ಣ ಕಾರುಗಳಲ್ಲಿ ವ್ಯವಸ್ಥೆ ಒಂದೇ. 1, 2, 3ರಲ್ಲಿ ಕರೆಂಟು ರೆಸಿಸ್ಟರಿನ ಸುರುಳಿ ತಂತಿಗಳನ್ನು ಹಾದು ಹೋಗುತ್ತದೆ, ಅದಕ್ಕೇ ಫ್ಯಾನ್ ನಿಧಾನ. 4ರಲ್ಲಿ ರೆಸಿಸ್ಟರನ್ನು ಬಿಟ್ಟು ನೇರವಾಗಿ ಮೋಟಾರಿಗೆ ಹೋಗುತ್ತದೆ. ಆದ್ದರಿಂದ ಕೆಳಗಿನ ಮೂರೂ ಸತ್ತು ನಾಲ್ಕು ಮಾತ್ರ ಉಳಿದರೆ ಸುರುಳಿಗಳ ಜೊತೆಗಿರುವ ಥರ್ಮಲ್ ಫ್ಯೂಸ್ (ಬಿಸಿ ಹೆಚ್ಚಾದರೆ ಕರಗಿ ಕರೆಂಟು ಕಡಿಯುವ ಪುಟ್ಟ ತುಂಡು) ಹೋಗಿದೆ ಎಂದು ಹೆಚ್ಚುಕಡಿಮೆ ಕಣ್ಣು ಮುಚ್ಚಿ ಹೇಳಬಹುದು. ನಡುವಿನ ಒಂದು ವೇಗ ಮಾತ್ರ ಕೈಕೊಟ್ಟಿದ್ದರೆ ಒಂದು ಸುರುಳಿಯನ್ನೋ ಸ್ವಿಚ್ಚಿನ ಒಳಗಿನ ಕಾಂಟ್ಯಾಕ್ಟನ್ನೋ ಅನುಮಾನಿಸಬೇಕಿತ್ತು. ನಾಲ್ಕೂ ಸತ್ತಿದ್ದರೆ ಮೊದಲು ಫ್ಯೂಸ್ ಡಬ್ಬಿ ತೆರೆಯಿರಿ ಎನ್ನುತ್ತಿದ್ದೆ.

ಈಗ ಕೆಲಸಕ್ಕೆ ಬರೋಣ. ಬ್ಯಾಟರಿಯ ಮೈನಸ್ ತಂತಿ ಬಿಚ್ಚಿಡಿ. ಎಡಗಡೆಯ ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿ ಗ್ಲೋವ್ ಬಾಕ್ಸ್ ಕಳಚಿದರೆ ಹಿಂದೆ ಕಪ್ಪು ಪ್ಲಾಸ್ಟಿಕ್ಕಿನ ಗೂಡು ಕಾಣುತ್ತದೆ. ಆ ಬದಿಯಲ್ಲಿ ಏರ್‌ಬ್ಯಾಗ್ ಇರುವ ಕಾರಾದರೆ ಮಾತ್ರ ಕೈ ಹಾಕದೆ ಎಲೆಕ್ಟ್ರೀಷಿಯನ್ ಬಳಿ ಒಯ್ಯಿರಿ. ಮೋಟಾರು ಗೂಡಿನ ಕೆಳಗೆ ಕೆಲವೇ ಸ್ಕ್ರೂಗಳಲ್ಲಿ ನಿಂತಿರುತ್ತದೆ, ರೆಸಿಸ್ಟರ್ ಪಕ್ಕದಲ್ಲೇ. ರೆಸಿಸ್ಟರಿನ ಸುರುಳಿಗಳು ಗಾಳಿಯ ದಾರಿಗೆ ಮುಖ ಮಾಡಿರುತ್ತವೆ. ಫ್ಯಾನಿನ ಗಾಳಿಯೇ ಅವನ್ನು ತಂಪಾಗಿಡುತ್ತದೆ. ಗಾಳಿ ಕಟ್ಟಿದರೆ, ಅಥವಾ ಮೋಟಾರು ಬಿಗಿಯಾಗಿ ಹೆಚ್ಚು ಕರೆಂಟು ಎಳೆದರೆ, ಸುರುಳಿ ಕೆಂಪಾಗಿ ಥರ್ಮಲ್ ಫ್ಯೂಸ್ ಕರಗುತ್ತದೆ.

ಮೋಟಾರನ್ನು ಇಳಿಸಿ, ಚಕ್ರದಂಥ ಫ್ಯಾನನ್ನು ಬೆರಳಿನಿಂದ ತಿರುಗಿಸಿ ಬಿಡಿ. ಆರೋಗ್ಯವಾಗಿದ್ದರೆ ಸಲೀಸಾಗಿ ಸ್ವಲ್ಪ ಹೊತ್ತು ತಾನಾಗಿ ತಿರುಗಿ ನಿಲ್ಲುತ್ತದೆ. ಕೈಬಿಟ್ಟ ಕೂಡಲೇ ನಿಂತರೆ ಬುಷ್, ಅಂದರೆ ಮೋಟಾರಿನ ದಂಡ ತಿರುಗುವ ಬಳೆ, ಒಣಗಿದೆ. ತೋಟದ ಊರುಗಳ ಕಾರುಗಳಲ್ಲಿ ಇನ್ನೊಂದು ಸಂಗತಿಯೂ ಇರುತ್ತದೆ. ನಾನು ಕೆಲಸ ಮಾಡುವ ಸಕಲೇಶಪುರದಲ್ಲಿ ಮಳೆಗಾಲದಲ್ಲಿ ಇಳಿಸಿದ ಫ್ಯಾನುಗಳ ಎಲೆಸಂದುಗಳಲ್ಲಿ ಸಿಲ್ವರ್ ಓಕಿನ ಒಣ ಎಲೆ ಮೆತ್ತಿಕೊಂಡಿರುತ್ತದೆ, ಕೆಲವೊಮ್ಮೆ ಇಲಿ ತಂದಿಟ್ಟ ನಾರು, ಬಟ್ಟೆಚೂರು ಕೂಡ. ಒಂದು ಕಡೆ ಕಸ ಕಟ್ಟಿದ ಫ್ಯಾನ್ ತೂಕ ತಪ್ಪಿ ಓಲಾಡುತ್ತದೆ; ಸದ್ದೂ ಅದರದೇ, ಬುಷ್ ಸವೆಯುವುದೂ ಅದರಿಂದಲೇ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಸಂದುಸಂದನ್ನೂ ಬಿಡಿಸಿ. ವೈಪರಿನ ಕೆಳಗಿನ ಜಾಲರಿಯಲ್ಲಿ ತುಂಬಿದ ಎಲೆಯನ್ನೂ ತೆಗೆಯಲೇಬೇಕು, ಗಾಳಿ ಒಳಬರುವುದು ಅಲ್ಲಿಂದಲೇ.

ಬುಷ್‌ಗೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಸಾಕು. ಗ್ರೀಸ್ ಬೇಡ, ತುಕ್ಕು ಬಿಡಿಸುವ ಸ್ಪ್ರೇಯನ್ನಂತೂ ಮೋಟಾರಿನೊಳಗೆ ಹೊಡೆಯಬೇಡಿ. ತಟ್ಟಿದರೆ ಓಡಿ ಮತ್ತೆ ನಿಲ್ಲುವ ಮೋಟಾರಾದರೆ ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಕಾರ್ಬನ್ ಬ್ರಷ್ ಸವೆದಿದೆ, ಹೊಸ ಮೋಟಾರೇ ದಾರಿ. ನಿಮ್ಮದು 4ರಲ್ಲಿ ಜೋರಾಗಿ ಓಡುತ್ತಿರುವುದರಿಂದ ಅಷ್ಟು ದೂರ ಹೋಗಿರಲಾರದು. ಸ್ವಚ್ಛ ಮಾಡಿ ನೋಡುವ ಮೊದಲೇ ಮೋಟಾರಿಗೆ ದುಡ್ಡು ಸುರಿಯಬೇಡಿ.

ಇನ್ನು ಕನೆಕ್ಟರ್. ರೆಸಿಸ್ಟರಿಗೆ ಹೋಗುವ ಪ್ಲಗ್ಗನ್ನು ಬೆಳಕಿಗೆ ಹಿಡಿದು ನೋಡಿ. ಒಂದು ಪಿನ್ನಿನ ಸುತ್ತ ಪ್ಲಾಸ್ಟಿಕ್ ಕಂದಾಗಿ ಉಬ್ಬಿದ್ದರೆ, ವೈರಿನ ಹೊದಿಕೆ ಗಟ್ಟಿಯಾಗಿ ಬಿರಿದಿದ್ದರೆ, ಅದನ್ನೂ ಬದಲಿಸಿ. ಸಡಿಲ ಪಿನ್ ಬಿಸಿಯಾಗುತ್ತದೆ, ಆ ಬಿಸಿ ಹೊಸ ರೆಸಿಸ್ಟರಿಗೂ ಏರುತ್ತದೆ. ಹೊಸ ವೈರ್ ಹಳೆಯದಕ್ಕಿಂತ ತೆಳ್ಳಗಿರಬಾರದು. ಬರೀ ತಿರುಚಿ ಟೇಪ್ ಸುತ್ತುವ ಕೆಲಸ ಇಲ್ಲಿ ನಡೆಯದು.

ಎಲ್ಲ ಜೋಡಿಸಿದ ಮೇಲೆ 4ರಲ್ಲಿ ಓಡಿಸಿ, ಮೋಟಾರಿನ ಎರಡು ಪಿನ್ನುಗಳ ನಡುವೆ ವೋಲ್ಟೇಜ್ ಅಳೆಯಿರಿ. ಬ್ಯಾಟರಿಯಲ್ಲಿ ಇರುವುದಕ್ಕಿಂತ ಎರಡು ಮೂರು ವೋಲ್ಟ್ ಕಡಿಮೆ ಬಂದರೆ ಸ್ವಿಚ್ಚಿನಲ್ಲೋ ಅರ್ಥ್ ವೈರಿನಲ್ಲೋ ವೋಲ್ಟೇಜ್ ಕಳೆದುಹೋಗುತ್ತಿದೆ. ಕರೆಂಟನ್ನು ಅಳೆಯಲು ಸಾಮಾನ್ಯ ಮಲ್ಟಿಮೀಟರನ್ನು ಮೋಟಾರಿನ ತಂತಿಯ ನಡುವೆ ಸೇರಿಸಬೇಡಿ. ಅದರ ಮಿತಿ ಸಾಮಾನ್ಯವಾಗಿ 10 ಆಂಪಿಯರ್, ಪೂರ್ಣ ವೇಗದ ಬ್ಲೋವರ್ ಅದನ್ನು ಮೀರಬಹುದು.

ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಥರ್ಮಲ್ ಫ್ಯೂಸ್ ಇದ್ದ ಜಾಗಕ್ಕೆ ತಂತಿ ಬೆಸುಗೆ ಹಾಕಿ ಕೊಡುತ್ತೇವೆ ಎನ್ನುವವರಿದ್ದಾರೆ. ಅಗ್ಗವೆಂದು ಒಪ್ಪಬೇಡಿ. ಡ್ಯಾಶ್‌ಬೋರ್ಡಿನ ಹಿಂದೆ ಪ್ಲಾಸ್ಟಿಕ್ಕಿನ ಗೂಡಿನೊಳಗೆ ಕೆಂಪಾಗುವ ತಂತಿಯನ್ನು ತಡೆಯುವುದು ಅದೊಂದೇ. ದೊಡ್ಡ ಆಂಪಿಯರಿನ ಫ್ಯೂಸ್ ಹಾಕುವುದೂ ಇಷ್ಟೇ ಅಪಾಯ.

ರಿಪೇರಿಯಾಗುವವರೆಗೆ ಫ್ಯಾನನ್ನು 4ರಲ್ಲೇ ಓಡಿಸಿ. ಹೊರಗಾಳಿ ಬರುವಂತೆ ಲಿವರ್ ಇಟ್ಟು, ಗಾಳಿಯನ್ನು ಮುಂದಿನ ಗಾಜಿಗೆ ತಿರುಗಿಸಿ, ಬಿಸಿಯ ಜೊತೆಗೆ ಎಸಿಯನ್ನೂ ಹಾಕಿ. ಎಸಿ ಗಾಳಿಯ ತೇವ ಹಿಂಡುತ್ತದೆ, ಹೀಟರ್ ಅದನ್ನು ಬೆಚ್ಚಗಾಗಿಸುತ್ತದೆ, ಗಾಜು ಬೇಗ ತಿಳಿಯಾಗುತ್ತದೆ. ಮಂಜು ಹಿಡಿದ ಗಾಜನ್ನು ಒಂದು ಕೈಯಲ್ಲಿ ಒರೆಸುತ್ತಾ ಆ ತಿರುವುಗಳಲ್ಲಿ ಓಡಿಸಬೇಡಿ.

ಪ್ರಶ್ನೆ: ಫ್ಯಾನ್ ಚೆನ್ನಾಗಿದೆ, ಆದರೆ ಬಿಸಿ ಗಾಳಿ ಬರುವುದಿಲ್ಲ. ಗಾಜಿನ ಮೇಲೆ ಒರೆಸಿದರೂ ಹೋಗದ ಜಿಡ್ಡು.
– ಓದುಗರು, ಮೂಡಿಗೆರೆ

ಉತ್ತರ: ಬ್ಲೋವರ್ ಮುಟ್ಟಬೇಡಿ. ಎಡಗಡೆಯ ಸೀಟಿನ ಮುಂದೆ ಕಾಲಿಡುವ ಕಡೆ ಮ್ಯಾಟ್ ಎತ್ತಿ ಮುಟ್ಟಿ ನೋಡಿ. ಒದ್ದೆಯಾಗಿ ಸಿಹಿ ವಾಸನೆ ಬಂದರೆ ಹೀಟರಿನ ಒಳಗಿನ ಪುಟ್ಟ ರೇಡಿಯೇಟರ್ ಸೋರಿ ಕೂಲೆಂಟ್ (ಎಂಜಿನ್ನನ್ನು ತಂಪಾಗಿಡುವ ದ್ರವ) ಒಳಬರುತ್ತಿದೆ, ಜಿಡ್ಡು ಅದರದೇ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಕೂಲೆಂಟಿನ ಮಟ್ಟ ನೋಡಿ, ಬಿಸಿಯಿರುವಾಗ ಮುಚ್ಚಳ ತೆರೆಯಲೇಬೇಡಿ. ಮ್ಯಾಟ್ ಒಣಗಿದ್ದು ಕೂಲೆಂಟ್ ಸರಿಯಿದ್ದರೆ, ಎಂಜಿನ್ನಿನ ಬಿಸಿಗೆ ತಕ್ಕಂತೆ ಕೂಲೆಂಟನ್ನು ಹರಿಯಬಿಡುವ ಥರ್ಮೋಸ್ಟ್ಯಾಟ್ ತೆರೆದೇ ಉಳಿದಿದೆಯೇ, ಬಿಸಿನೀರಿನ ವಾಲ್ವಿನ ಕೇಬಲ್ ಕಳಚಿದೆಯೇ ಎಂದು ಪರೀಕ್ಷಿಸಿ. ಸೋರಿಕೆ ಇದ್ದರೆ ಎಂಜಿನ್ ಅತಿಯಾಗಿ ಬಿಸಿಯಾಗುವ ಮೊದಲು ಈ ವಾರವೇ ಗ್ಯಾರೇಜಿಗೆ ಒಯ್ಯಿರಿ.