ಲೀಚೆಸ್‌ನಲ್ಲಿ ನನ್ನ ಹಳೆಯ ಆಟಗಳಿಂದ ಒಂದೇ ಬಗೆಯ ಸ್ಥಿತಿಗಳನ್ನು ಹುಡುಕಿ ತೆಗೆಯಬಹುದೇ?

ಆನೆ ಮತ್ತು ಕಾಲಾಳುಗಳಷ್ಟೇ ಉಳಿದ ಅಂತ್ಯದಾಟಗಳಲ್ಲಿ ಪದೇ ಪದೇ ಸೋಲುತ್ತಿದ್ದೀರೆಂದೂ, ಅಂತಹ ಆಟಗಳನ್ನೆಲ್ಲ ಒಟ್ಟಿಗೆ ಹುಡುಕಿ ತೆಗೆಯಬೇಕೆಂದಿದ್ದೀರೆಂದೂ, ಅದಾಗದಿದ್ದರೆ ಬೇರೆ ತಾಣಕ್ಕೆ ಹೋಗಬೇಕೇ ಎಂದೂ ಕೇಳಿದ್ದೀರಿ. ಈ ಹುಡುಕಾಟ ಲೀಚೆಸ್ ಎಂಬ ಆನ್‌ಲೈನ್ ಚೆಸ್ ತಾಣದ ಒಳಗೆ ಸಾಧ್ಯವಿಲ್ಲ. ಆದರೆ ಆ ಕಾರಣಕ್ಕೆ ತಾಣವನ್ನು ಬಿಡುವ ಅಗತ್ಯವೂ ಇಲ್ಲ, ಏಕೆಂದರೆ ನಿಮ್ಮ ಆಟಗಳಷ್ಟನ್ನೂ ಅದು ನಿಮಗೆ ಮರಳಿ ಕೊಡುತ್ತದೆ. ಹುಡುಕುವ ಕೆಲಸವನ್ನು ನೀವು ಹೊರಗೆ ಮಾಡಿಕೊಳ್ಳಬಹುದು.

2010ರಲ್ಲಿ ಥಿಬೋ ಡ್ಯುಪ್ಲೆಸಿ ಆರಂಭಿಸಿದ ಲೀಚೆಸ್ ಇಂದಿಗೂ ಜಾಹೀರಾತಿಲ್ಲದೆ, ಶುಲ್ಕವಿಲ್ಲದೆ, ದೇಣಿಗೆಯ ಮೇಲೆ ನಡೆಯುತ್ತಿದೆ. ಅದರ ಮೂಲಸಂಕೇತವೂ ಮುಕ್ತವಾಗಿದೆ, ರೇಟಿಂಗ್ ಇರುವ ಆಟಗಳ ಸಂಗ್ರಹವೂ ಪ್ರತಿ ತಿಂಗಳು ಸಾರ್ವಜನಿಕವಾಗಿ ಬಿಡುಗಡೆಯಾಗುತ್ತದೆ. ಆಟ ಮುಗಿದೊಡನೆ ಸ್ಟಾಕ್‌ಫಿಶ್ ಎಂಬ ಚೆಸ್ ಎಂಜಿನ್‌ನ ಪೂರ್ಣ ವಿಶ್ಲೇಷಣೆಯನ್ನು ಕೇಳಿ ಪಡೆಯಬಹುದು. ಫಲಕದ ಮೇಲೆ ಎರಡೂ ರಾಜರು ಸೇರಿ ಏಳು ಅಥವಾ ಅದಕ್ಕಿಂತ ಕಡಿಮೆ ಕಾಯಿಗಳಿದ್ದರೆ, ಪ್ರತಿ ನಡೆಯೂ ಗೆಲುವೋ, ಸೋಲೋ, ಡ್ರಾ ಆಗುವುದೋ ಎಂಬುದನ್ನು ಸಿಜಿಜಿ ಟೇಬಲ್‌ಬೇಸ್ (ಅಂತಹ ಸ್ಥಿತಿಗಳ ಫಲಿತಾಂಶವನ್ನು ಮೊದಲೇ ಲೆಕ್ಕ ಹಾಕಿಟ್ಟ ಸಂಗ್ರಹ) ಊಹೆಯಿಲ್ಲದೆ ಹೇಳುತ್ತದೆ. ಅಂತ್ಯದಾಟ ಕಲಿಯುವವರಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲವೆಂದೇ ನನ್ನ ಭಾವನೆ. ಅಭ್ಯಾಸ ವಿಭಾಗದಲ್ಲಿ ಲೂಸೆನಾ ಮತ್ತು ಫಿಲಿಡೋರ್ ಎಂಬ, ಆನೆಗಳ ಅಂತ್ಯದಾಟದ ಮೂಲ ಸ್ಥಿತಿಗಳನ್ನು ಕಂಪ್ಯೂಟರಿನ ಎದುರು ಆಡಿ ನೋಡುವ ಪಾಠಗಳೂ ಇವೆ. ನಿಮ್ಮ ತೊಂದರೆಗೆ ಮೊದಲ ಮದ್ದು ಅಲ್ಲೇ ಸಿಗಬಹುದು.

ಇನ್ನು ಹುಡುಕಾಟದ ವಿಷಯ. ಲೀಚೆಸ್‌ನ ವಿಸ್ತೃತ ಹುಡುಕಾಟದಲ್ಲಿ ಆಟಗಾರರ ಹೆಸರು, ರೇಟಿಂಗ್, ಕಾಲಮಿತಿ, ದಿನಾಂಕ, ನಡೆಗಳ ಸಂಖ್ಯೆ, ಫಲಿತಾಂಶ, ಆಟ ಮುಗಿದ ಬಗೆ, ವಿಶ್ಲೇಷಣೆಯಾಗಿದೆಯೇ ಇಲ್ಲವೇ ಎಂಬಿತ್ಯಾದಿ ಅನೇಕ ಷರತ್ತುಗಳನ್ನು ಸೇರಿಸಬಹುದು. ಇವೆಲ್ಲವೂ ಆಟದ ಕುರಿತ ವಿವರಗಳೇ ಹೊರತು ಫಲಕದ ಮೇಲೆ ಏನಾಯಿತು ಎಂಬುದಲ್ಲ. ಪುಸ್ತಕದ ರಕ್ಷಾಪುಟವನ್ನಷ್ಟೇ ಓದಿದ ಗ್ರಂಥಪಾಲಕನಂತೆ ಅದು ಒಳಗಿನ ಕಥೆಯನ್ನು ಹೇಳಲಾರದು. ಈ ಕೊರತೆಯನ್ನು ಓಪನಿಂಗ್ ಎಕ್ಸ್‌ಪ್ಲೋರರ್ ಭಾಗಶಃ ತುಂಬುತ್ತದೆ: ಒಂದು ಸ್ಥಿತಿಯನ್ನು ಫಲಕದಲ್ಲಿ ಇಟ್ಟರೆ, ಅಲ್ಲಿಂದ ಮುಂದೆ 2200ಕ್ಕೂ ಮೇಲ್ಪಟ್ಟ ಫಿಡೆ (ಅಂತರರಾಷ್ಟ್ರೀಯ ಚೆಸ್ ಒಕ್ಕೂಟ) ರೇಟಿಂಗಿನ ಆಟಗಾರರು, ಲೀಚೆಸ್‌ನ ಇತರ ಬಳಕೆದಾರರು, ಅಥವಾ ಸ್ವತಃ ನೀವು ಯಾವ ನಡೆಗಳನ್ನು ಆಡಿದ್ದೀರಿ, ಫಲವೇನಾಯಿತು ಎಂಬುದನ್ನು ಅದು ತೋರಿಸುತ್ತದೆ. ಆದರೆ ಅದರ ಬಲವೆಲ್ಲ ಆಟದ ಮೊದಲ ಭಾಗದಲ್ಲಿದೆ, ಮತ್ತು ಪ್ರತಿ ಕಾಯಿಯೂ ಅದೇ ಮನೆಯಲ್ಲಿದ್ದರೆ ಮಾತ್ರ ಅದು ಆ ಸ್ಥಿತಿಯನ್ನು ಗುರುತಿಸುತ್ತದೆ.

ನಿಮ್ಮ ಅಗತ್ಯ ಇದಕ್ಕೆ ವಿರುದ್ಧವಾದುದು. ಆನೆ ಮತ್ತು ಕಾಲಾಳುಗಳ ಅಂತ್ಯದಾಟದಲ್ಲಿ ಯಾವ ಎರಡು ಆಟಗಳೂ ತದ್ವತ್ತಾಗಿ ಹೊಂದುವುದಿಲ್ಲ; ಒಂದರಲ್ಲಿ ಮೂರು ಕಾಲಾಳುಗಳೆದುರು ಎರಡಿರಬಹುದು, ಇನ್ನೊಂದರಲ್ಲಿ ರಾಜ ಒಂದು ಮನೆ ಆಚೆಗಿರಬಹುದು, ಆದರೂ ಕಲಿಯಬೇಕಾದ ಪಾಠ ಒಂದೇ. ನಡುವಿನ ಒಂಟಿ ಕಾಲಾಳು, ಬೇರೆ ಬೇರೆ ಬಣ್ಣದ ಮನೆಗಳಲ್ಲಿ ಓಡಾಡುವ ಒಂಟೆಗಳು, ಏಳನೆಯ ಸಾಲನ್ನು ಹಿಡಿದ ಆನೆ ಇವೆಲ್ಲವೂ ಇಂಥವೇ. ಚೆಸ್ ಇನ್‌ಸೈಟ್ಸ್ ವಿಭಾಗ ನಿಮ್ಮ ನಿಖರತೆಯನ್ನು ಆರಂಭ, ಮಧ್ಯ, ಅಂತ್ಯ ಎಂದು ಬಿಡಿಸಿ ತೋರಿಸುತ್ತದೆ ನಿಜ, ಆದರೆ ಅಂತ್ಯದಾಟ ಯಾವ ಬಗೆಯದೆಂದು ಹೇಳುವುದಿಲ್ಲ. ನಾನು ಇದನ್ನು ಸಣ್ಣ ಕೊರತೆಯೆಂದು ಎಣಿಸುವುದಿಲ್ಲ. ಕಲಿಯುವವನಿಗೆ ತನ್ನದೇ ತಪ್ಪುಗಳಷ್ಟು ಹತ್ತಿರದ ಪಠ್ಯ ಬೇರೆಲ್ಲೂ ಸಿಗದು, ಮತ್ತು ಆ ಪಠ್ಯ ಸಾವಿರಾರು ಆಟಗಳ ನಡುವೆ ಚದುರಿಕೊಂಡೇ ಉಳಿಯುತ್ತದೆ.

ತಾಂತ್ರಿಕ ಕಾರಣ ಅರ್ಥವಾಗುವಂಥದ್ದೇ. ತದ್ವತ್ತಾದ ಸ್ಥಿತಿಗೆ ಒಂದು ಸಂಖ್ಯೆಯನ್ನು ಕೊಟ್ಟು ಸೂಚಿಯಲ್ಲಿ ಇಟ್ಟುಕೊಂಡರೆ ಕ್ಷಣದಲ್ಲಿ ಹುಡುಕಬಹುದು. 1970ರಲ್ಲಿ ಆಲ್ಬರ್ಟ್ ಜೋಬ್ರಿಸ್ಟ್ ವಿವರಿಸಿದ ವಿಧಾನ ಈ ಕೆಲಸಕ್ಕೆಂದೇ ಇದೆ. ರಚನೆಯನ್ನು ಹುಡುಕುವಾಗ ಹಾಗಲ್ಲ, ಬಹುಮಟ್ಟಿಗೆ ಪ್ರತಿ ಆಟವನ್ನೂ ಮೊದಲಿನಿಂದ ಆಡಿಸಿ ನೋಡಬೇಕಾಗುತ್ತದೆ, ನೂರಾರು ಕೋಟಿ ಆಟಗಳ ಸಂಗ್ರಹದಲ್ಲಿ ಇದು ದುಬಾರಿ. ಆದರೂ ಒಬ್ಬ ಬಳಕೆದಾರನ ಆಟಗಳಿಗಷ್ಟೇ ಸೀಮಿತಗೊಳಿಸಿ, ಪ್ರತಿ ಆಟದ ಕೊನೆಯ ಘಟ್ಟದಲ್ಲಿ ಯಾವ ಕಾಯಿಗಳು ಉಳಿದಿದ್ದವು ಎಂಬುದನ್ನಾದರೂ ದಾಖಲಿಸಿಟ್ಟರೆ ನಿಮ್ಮಂಥವರ ಪ್ರಶ್ನೆಗೆ ಸಾಕಷ್ಟು ಉತ್ತರ ಸಿಗುತ್ತದೆ. ಮೂಲಸಂಕೇತ ಮುಕ್ತವಾಗಿರುವುದರಿಂದ ಈ ಸಲಹೆಯನ್ನು ಯಾರು ಬೇಕಾದರೂ ಅದು ಇರುವ ಗಿಟ್‌ಹಬ್ ತಾಣದಲ್ಲಿ ಮುಂದಿಡಬಹುದು, ಬಲ್ಲವರು ಬರೆದೂ ಕೊಡಬಹುದು.

ಅಲ್ಲಿಯವರೆಗೆ ಹೀಗೆ ಮಾಡಿ. ನಿಮ್ಮ ಪ್ರೊಫೈಲ್ ಪುಟದಿಂದ ಎಲ್ಲ ಆಟಗಳನ್ನೂ ಪಿಜಿಎನ್ (ಆಟದ ನಡೆಗಳನ್ನು ಬರೆದಿಡುವ ಪಠ್ಯರೂಪ) ಕಡತವಾಗಿ ಇಳಿಸಿಕೊಂಡು, ಸಿಡ್ ಎಂಬ ಉಚಿತ ತಂತ್ರಾಂಶದಲ್ಲಿ ತೆರೆಯಿರಿ. ಅದರಲ್ಲಿ ಉಳಿದ ಕಾಯಿಗಳು ಮತ್ತು ಮಾದರಿಯ ಆಧಾರದ ಮೇಲೆ ಹುಡುಕುವ ಸೌಲಭ್ಯವಿದೆ: ಎರಡೂ ಕಡೆಗೆ ಒಂದೊಂದು ಆನೆ, ಉಳಿದ ಕಾಯಿಗಳು ಸೊನ್ನೆ, ಕಾಲಾಳುಗಳು ಎಷ್ಟಾದರೂ ಇರಲಿ ಎಂದು ನಿರ್ದೇಶಿಸಿ. ಆ ಸ್ಥಿತಿ ಕನಿಷ್ಠ ಎಷ್ಟು ಅರ್ಧನಡೆಗಳವರೆಗೆ (ಒಬ್ಬ ಆಟಗಾರನ ಒಂದು ನಡೆಯೇ ಒಂದು ಅರ್ಧನಡೆ) ಉಳಿದಿರಬೇಕು ಎಂಬುದನ್ನೂ ತುಂಬಿರಿ; ಇದನ್ನು ಬಿಟ್ಟರೆ, ಕಾಯಿಗಳ ವಿನಿಮಯದ ನಡುವೆ ಕ್ಷಣಮಾತ್ರ ಹಾದುಹೋದ ಸ್ಥಿತಿಗಳೂ ಪಟ್ಟಿಗೆ ನುಗ್ಗುತ್ತವೆ. ಸಿಕ್ಕ ಆಟಗಳಲ್ಲಿ ನೀವು ಸೋತವನ್ನು ಮೊದಲು ಆರಿಸಿ, ಅಂತ್ಯದಾಟ ಆರಂಭವಾದ ಸ್ಥಿತಿಯ ಎಫ್‌ಇಎನ್ ಸಾಲನ್ನು (ಫಲಕದ ಸ್ಥಿತಿಯನ್ನು ಒಂದೇ ಸಾಲಿನಲ್ಲಿ ಬರೆಯುವ ಸಂಕೇತ) ಲೀಚೆಸ್‌ನ ವಿಶ್ಲೇಷಣೆಯ ಫಲಕಕ್ಕೆ ಅಂಟಿಸಿ. ಕಾಯಿಗಳು ಏಳಕ್ಕೆ ಇಳಿಯುವವರೆಗೆ ಸ್ಟಾಕ್‌ಫಿಶ್‌ನ ಅಂದಾಜನ್ನು ಗಮನಿಸಿ, ಇಳಿದ ನಂತರ ಟೇಬಲ್‌ಬೇಸ್‌ನ ತೀರ್ಪನ್ನು ಮಾತ್ರ ನಂಬಿ. ಡ್ರಾ ಆಗಬೇಕಿದ್ದ ಸ್ಥಿತಿ ಯಾವ ನಡೆಯಲ್ಲಿ ಸೋಲಾಗಿ ಬದಲಾಯಿತು ಎಂಬುದನ್ನು ಅದು ನಿಸ್ಸಂದೇಹವಾಗಿ ತೋರಿಸುತ್ತದೆ. ಅಂತಹ ಸ್ಥಿತಿಗಳನ್ನು ಲೀಚೆಸ್‌ನ ಒಂದು ಸ್ಟಡಿಯೊಳಗೆ (ಸ್ಥಿತಿಗಳನ್ನು ಕೂಡಿಡುವ ಪುಸ್ತಕದಂಥದ್ದು) ಒಂದೊಂದು ಅಧ್ಯಾಯವಾಗಿ ಸೇರಿಸುತ್ತ ಹೋಗಿ. ಒಂದು ಸ್ಟಡಿಯಲ್ಲಿ 64 ಅಧ್ಯಾಯಗಳಿಗೆ ಜಾಗವಿರುವುದರಿಂದ, ಆನೆಗಳ ಅಂತ್ಯದಾಟಕ್ಕೆ ಬೇರೆಯೇ ಒಂದನ್ನು ಮೀಸಲಿಡುವುದು ಅನುಕೂಲ.