ಕರೆಂಟ್ ಹೋಗಿ ಬಂದಮೇಲೆ ರೂಟರ್ ಆನ್ ಆಗಿ ಆಗಿ ಆಫ್ ಆಗ್ತಿದೆ, ಬೋರ್ಡ್ ಸುಟ್ಟಿದೆಯಾ?

ನನಗೇನೋ ಸುಟ್ಟಿಲ್ಲ ಅನಿಸುತ್ತೆ. ಸುಟ್ಟ ಬೋರ್ಡ್ ಸಾಮಾನ್ಯವಾಗಿ ತೆಪ್ಪಗೆ ಬಿದ್ದಿರುತ್ತೆ, ಇಷ್ಟು ಒದ್ದಾಡಲ್ಲ. ನಿಮ್ಮದು ಪವರ್ ದೀಪ ಹತ್ತುತ್ತೆ, ಅರ್ಧ ನಿಮಿಷ ಕಳೆದು ವೈ-ಫೈ ದೀಪವೂ ಹತ್ತುತ್ತೆ, ಅಷ್ಟರಲ್ಲಿ ಎಲ್ಲ ಆರಿ ಮತ್ತೆ ಮೊದಲಿಂದ ಶುರು ಅಂತ ಬರೆದಿದ್ದೀರಿ. ಬೋರ್ಡ್ ಸುಟ್ಟಿದೆ ಅಂತ ಅಂಗಡಿಯವರು ಹೇಳಿದ್ರು ಅಂತ ಹೊಸ ರೂಟರ್ ತರೋಕೆ ಮುಂಚೆ ಅಡಾಪ್ಟರ್ ಬದಲಿಸಿ ನೋಡಿ.

ಮಲ್ಲೇಶ್ವರದ ನಮ್ಮ ಮನೆಯಲ್ಲಿ ಇದೇ ಆಗಿತ್ತು. ಏಪ್ರಿಲ್‌ನ ಒಂದು ಸಂಜೆ ಗುಡುಗು ಮಳೆ, ಕರೆಂಟ್ ನಾಲ್ಕೈದು ಸಲ ಹೋಗಿ ಬಂತು, ಆಮೇಲೆ ರೂಟರ್‌ದು ಇದೇ ಕಥೆ. ನೆಟ್‌ವರ್ಕ್ ಕೆಲಸದಲ್ಲೇ ಇರೋನು ನಾನು, ದೊಡ್ಡ ಪಂಡಿತನ ಹಾಗೆ ಮಲ್ಟಿಮೀಟರ್ ಹಿಡಿದು ಅಡಾಪ್ಟರ್ ಪಿನ್ ಮುಟ್ಟಿಸಿದೆ. 12.1 ವೋಲ್ಟ್ ತೋರಿಸ್ತು. ಅಡಾಪ್ಟರ್ ಸರಿ ಇದೆ ಅಂದುಕೊಂಡು ಎರಡು ಸಂಜೆ ರೀಸೆಟ್ ಬಟನ್ ಒತ್ತುತ್ತಾ ಕೂತೆ. ಮೂರನೇ ದಿನ ಪಕ್ಕದ ಮನೆಯವರ ಸೆಟ್‌ಟಾಪ್ ಬಾಕ್ಸಿನ 12 ವೋಲ್ಟ್ 2 ಆಂಪ್ ಅಡಾಪ್ಟರ್ ಚುಚ್ಚಿದೆ. ಎರಡು ನಿಮಿಷದಲ್ಲಿ ವೈ-ಫೈ ಬಂತು.

ಮೀಟರ್ ಸುಳ್ಳು ಹೇಳಿರಲಿಲ್ಲ, ಅಳೆಯುವಾಗ ಅಡಾಪ್ಟರ್ ಮೇಲೆ ಭಾರವೇ ಇರಲಿಲ್ಲ, ಅಂದ್ರೆ ಅದರಿಂದ ಯಾವುದೂ ಕರೆಂಟ್ ಎಳೀತಿರಲಿಲ್ಲ ಅಷ್ಟೆ. ರೂಟರ್ ಏಳೋವಾಗ ಮೊದಲು ಪ್ರೊಸೆಸರ್ ಒಂದಿಷ್ಟು ಕರೆಂಟ್ ಎಳೆಯುತ್ತೆ, ಕೊನೆಗೆ ವೈ-ಫೈ ರೇಡಿಯೋ ಆನ್ ಆದಾಗ ಇನ್ನಷ್ಟು. ಆಗ ಸೊರಗಿದ ಅಡಾಪ್ಟರಿನ ವೋಲ್ಟೇಜ್ ಕುಸಿಯುತ್ತೆ, ರೂಟರ್ ರೀಸ್ಟಾರ್ಟ್ ಆಗುತ್ತೆ, ಭಾರ ಇಳಿದ ಕೂಡಲೇ ಅಡಾಪ್ಟರ್ ಮತ್ತೆ ಚೇತರಿಸಿಕೊಳ್ಳುತ್ತೆ. ನೀವು ಕಾಣ್ತಿರೋ ಚಕ್ರ ಇದೇ ಇರಬೇಕು. ಹಳೇ ಅಡಾಪ್ಟರನ್ನ ಆಮೇಲೆ ಬಿಚ್ಚಿದೆ. ಒಳಗೊಂದು ಕಂಡೆನ್ಸರ್ (ಚಾರ್ಜ್ ಹಿಡಿದಿಟ್ಟುಕೊಳ್ಳೋ ಡಬ್ಬಿಯಂಥ ಭಾಗ) ತಲೆ ಪೂರಿ ಥರ ಉಬ್ಬಿ, ಅಂಚಲ್ಲಿ ಕಂದು ರಸ ಒಣಗಿ ಅಂಟಿತ್ತು. ನೀವು ಮಾತ್ರ ಬಿಚ್ಚೋಕೆ ಹೋಗಬೇಡಿ. ಪ್ಲಗ್ ಕಿತ್ತಮೇಲೂ ಒಳಗಿನ ದೊಡ್ಡ ಕಂಡೆನ್ಸರ್‌ನಲ್ಲಿ ಜೋರಾಗಿ ಹೊಡೆಯುವಷ್ಟು ಚಾರ್ಜ್ ಉಳಿದಿರಬಹುದು.

ಅಡಾಪ್ಟರ್ ಕೊಳ್ಳೋಕೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿಗೆ ಹೋದರೆ ಹಳೇ ಅಡಾಪ್ಟರ್ ಜೇಬಲ್ಲೇ ಇರಲಿ. ವೋಲ್ಟ್ ರೂಟರ್ ಕೆಳಗಿನ ಲೇಬಲ್ಲಿನಲ್ಲಿ ಇರೋಷ್ಟೇ ಇರಬೇಕು: 9 ಅಂದ್ರೆ 9, 12 ಅಂದ್ರೆ 12. ಆಂಪ್ ಜಾಸ್ತಿ ಇದ್ರೆ ತೊಂದರೆ ಇಲ್ಲ, ಕಡಿಮೆ ಇರಬಾರದು. ಪಿನ್ ಹೊರಗಡೆ 5.5 ಮಿ.ಮೀ. ಒಂದೇ ಥರ ಕಂಡರೂ ಒಳತೂತು 2.1 ಅಥವಾ 2.5 ಇರುತ್ತೆ, ಸಡಿಲ ಕೂತರೆ ಅದೂ ರೀಸ್ಟಾರ್ಟ್ ಮಾಡಿಸುತ್ತೆ. ಪ್ಲಸ್ ಮೈನಸ್ ಚಿತ್ರ ಹೊಂದುತ್ತಾ ನೋಡಿ. ಕೈಗೆ ಬೆಂಡಿನ ಥರ ಹಗುರ ಅನಿಸೋದನ್ನ ನಾನಂತೂ ಕೊಳ್ಳಲ್ಲ.

ಒಳ್ಳೇ ಅಡಾಪ್ಟರ್ ಹಾಕಿದರೂ ಅದೇ ಹಾಡಾದರೆ, ಎಲ್ಲ ಕೇಬಲ್ ಕಿತ್ತು ಬರೀ ಪವರ್ ಕೊಟ್ಟು ನೋಡಿ. ನಿಮಗೆ ಇಂಟರ್ನೆಟ್ ಟೆರೇಸ್ ಮೇಲಿನ (ಹಲವು ಮನೆಗಳಿಗೆ ಇಂಟರ್ನೆಟ್ ಹಂಚೋ) ನೆಟ್‌ವರ್ಕ್ ಸ್ವಿಚ್‌ನಿಂದ ತಾಮ್ರದ ಕೇಬಲ್ಲಿನಲ್ಲಿ ಬರ್ತಿದ್ರೆ ಸಿಡಿಲಿನ ಹೊಡೆತ ಆ ದಾರಿಯಲ್ಲೂ ಬಂದಿರಬಹುದು, ಆಗ ಅಂಗಡಿಯವರ ಮಾತೇ ನಿಜ ಆಗಬಹುದು. ಫೈಬರ್‌ನಲ್ಲಿ ಬರ್ತಿದ್ರೆ ಆ ಭಯ ಇಲ್ಲ: ಫೈಬರ್ ಎಳೆ ಗಾಜು, ಅದರೊಳಗೆ ಕರೆಂಟ್ ಹರಿಯಲ್ಲ.

ಇನ್ನೊಂದು ಸಾಧ್ಯತೆ, ಅಪ್‌ಡೇಟ್ ನಡೆಯುವಾಗಲೇ ಕರೆಂಟ್ ಹೋಗಿ ಫರ್ಮ್‌ವೇರ್ (ರೂಟರ್ ಒಳಗಿನ ಸಾಫ್ಟ್‌ವೇರ್) ಅರ್ಧಂಬರ್ಧ ಆಗಿರೋದು. ಇಂಥದ್ದು ವೈ-ಫೈ ದೀಪದವರೆಗೆ ಬರೋದು ಕಡಿಮೆ. ಬೋರ್ಡಿನ ಸೀರಿಯಲ್ (ರೂಟರ್ ತನ್ನ ಸಂದೇಶಗಳನ್ನ ಹೊರಗೆ ಕಳಿಸೋ) ಪಿನ್‌ಗೆ 3.3 ವೋಲ್ಟಿನ ಯುಎಸ್‌ಬಿ ಕನ್ವರ್ಟರ್ ಹಾಕಿ (5 ವೋಲ್ಟಿಂದು ಬೇಡ, ಚಿಪ್ ಹೋಗಬಹುದು), ಹೆಚ್ಚಿನ ಮನೆ ರೂಟರ್‌ಗಳಲ್ಲಿ ಸೆಕೆಂಡಿಗೆ 115200 ಬಿಟ್ ವೇಗದಲ್ಲಿ ಕಂಪ್ಯೂಟರಿನಲ್ಲಿ ನೋಡಿದರೆ ಅದು ಎಲ್ಲಿ ಮುಗ್ಗರಿಸ್ತಿದೆ ಅಂತ ಅದೇ ಬರೆದು ತೋರಿಸುತ್ತೆ. 'ಬ್ಯಾಡ್ ಡೇಟಾ ಸಿಆರ್‌ಸಿ' ಅಂತ ಬಂದರೆ ಫರ್ಮ್‌ವೇರ್ ಕೆಟ್ಟಿದೆ. ಟಿಪಿ-ಲಿಂಕ್‌ನ ಕೆಲವು ಮಾಡೆಲ್‌ಗಳಿಗೆ ಇದೆಲ್ಲ ಬೇಕಿಲ್ಲ. ಕಂಪ್ಯೂಟರ್‌ಗೆ 192.168.0.66 ವಿಳಾಸ ಕೊಟ್ಟು ಟಿಎಫ್‌ಟಿಪಿ (ನೆಟ್‌ವರ್ಕ್ ಮೇಲೆ ಫೈಲ್ ಕಳಿಸೋ ಪ್ರೋಗ್ರಾಂ) ಓಡಿಸಿ, ರೀಸೆಟ್ ಒತ್ತಿಕೊಂಡೇ ರೂಟರ್ ಆನ್ ಮಾಡಿದರೆ ಹೊಸ ಫರ್ಮ್‌ವೇರನ್ನ ತಾನೇ ಎಳಕೊಳ್ಳುತ್ತೆ.

ಮೊದಲು ಅಕ್ಕಪಕ್ಕದಲ್ಲಿ ಯಾರದ್ದಾದರೂ ಅಡಾಪ್ಟರ್ ಕೇಳಿ ತನ್ನಿ. ಅದಕ್ಕೂ ಬಗ್ಗದಿದ್ರೆ ಮಾಡೆಲ್ ನಂಬರ್, ಲೇಬಲ್ಲಿನ ವೋಲ್ಟ್-ಆಂಪ್, ದೀಪಗಳು ಯಾವ ಕ್ರಮದಲ್ಲಿ ಹತ್ತುತ್ತವೆ ಇಷ್ಟನ್ನ ಕೆಳಗೆ ಹಾಕಿ, ರಾತ್ರಿ ನೋಡ್ತೀನಿ.