ವಾಹನ ಪ್ರಶ್ನೋತ್ತರ: ಬಿಸಿಲೂರಿಗೆ ಯಾವ ಟೈರು?

ಪ್ರಶ್ನೆ: ಕಲಬುರಗಿಯಿಂದ ಶಹಾಬಾದಿಗೆ ದಿನವೂ ಕಾರಿನಲ್ಲಿ ಹೋಗಿಬರುತ್ತೇನೆ. ಕಾರು ಕೊಂಡು ಮೂರು ವರ್ಷವಾಗಿದ್ದು, 45,000 ಕಿ.ಮೀ. ಓಡಿದೆ, ನಾಲ್ಕೂ ಟೈರುಗಳು ಸವೆದಿವೆ. ಈಗಿರುವ ಅಳತೆ 165/80 ಆರ್14. ಅಂಗಡಿಯವರು ಬಹಳ ಕಾಲ ಬಾಳುತ್ತದೆಂದು ಒಂದನ್ನೂ ಮಳೆಯಲ್ಲಿ ಹಿಡಿತ ಚೆನ್ನಾಗಿದೆಯೆಂದು ಇನ್ನೊಂದನ್ನೂ ತೋರಿಸಿದರು. ಇದೇ ರಿಮ್ಮಿಗೆ 185/70 ಆರ್14 ಹಾಕಿಸಿದರೆ ಇನ್ನೂ ಒಳ್ಳೆಯದೆಂದೂ ಹೇಳಿದರು. ಯಾವುದನ್ನು ಕೊಳ್ಳಲಿ? ಬೇಸಿಗೆಯಲ್ಲಿ ಟೈರು ಸಿಡಿಯದಂತೆ ಗಾಳಿ ಕಡಿಮೆ ಇಡಬೇಕೆನ್ನುವುದು ಸರಿಯೇ? ನೈಟ್ರೋಜನ್ ಹಾಕಿಸಬೇಕೇ?
(ಓದುಗರು, ಕಲಬುರಗಿ)

ಉತ್ತರ: ಗಾಳಿಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಇದು ಜೀವಕ್ಕೆ ಸಂಬಂಧಿಸಿದ್ದು. ಬೇಸಿಗೆಯಲ್ಲಿ ಗಾಳಿ ಕಡಿಮೆ ಇಡಬೇಕೆಂಬ ಮಾತು ಪೆಟ್ರೋಲ್ ಬಂಕಿನಿಂದ ಪಂಕ್ಚರ್ ಅಂಗಡಿಯವರೆಗೆ ಎಲ್ಲ ಕಡೆಯೂ ಕೇಳಿಬರುತ್ತದೆ, ಆದರೆ ನಿಜ ಅದಕ್ಕೆ ತೀರ ವಿರುದ್ಧ. ನಿಮ್ಮ ಅಳತೆಯ ಟೈರು ಒಂದು ಕಿಲೋಮೀಟರಿಗೆ ಐನೂರಕ್ಕೂ ಹೆಚ್ಚು ಸುತ್ತು ಉರುಳುತ್ತದೆ. ಪ್ರತಿ ಸುತ್ತಿನಲ್ಲಿಯೂ ಅದರ ಪಕ್ಕೆ ನೆಲದ ಬಳಿ ಒಮ್ಮೆ ಬಾಗಿ ಮತ್ತೆ ನೆಟ್ಟಗಾಗುತ್ತದೆ. ಗಾಳಿ ಕಡಿಮೆಯಿದ್ದಷ್ಟೂ ಈ ಬಾಗುವಿಕೆ ಹೆಚ್ಚುತ್ತದೆ, ಬಾಗಿದಷ್ಟೂ ರಬ್ಬರಿನೊಳಗೆ ಶಾಖ ಹುಟ್ಟುತ್ತದೆ, ಮೇ ತಿಂಗಳ ಕಾದ ರಸ್ತೆಯ ಮೇಲೆ ಆ ಶಾಖ ಹೊರಹೋಗಲು ದಾರಿಯಿಲ್ಲದೆ ಒಳಗಿನ ಪದರಗಳು ಬಿಟ್ಟುಕೊಂಡು ಕೊನೆಗೆ ಟೈರು ಸಿಡಿಯುತ್ತದೆ. ಚಾಲಕನ ಬಾಗಿಲಿನ ಚೌಕಟ್ಟಿನ ಮೇಲೆ ಕಾರು ತಯಾರಕರು ಅಂಟಿಸಿರುವ ಚೀಟಿಯಲ್ಲಿ ಎಷ್ಟು ಪಿಎಸ್‌ಐ ಎಂದಿದೆಯೋ ಅಷ್ಟನ್ನು ಬೆಳಿಗ್ಗೆ, ಗಾಡಿ ತೆಗೆಯುವ ಮುನ್ನ ಅಥವಾ ಒಂದೆರಡು ಕಿಲೋಮೀಟರಿನೊಳಗೆ, ಟೈರು ತಣ್ಣಗಿರುವಾಗ ತುಂಬಿಸಿ. ಟೈರಿನೊಳಗಿನ ಗಾಳಿ 10 ಡಿಗ್ರಿ ಕಾದರೆ ಒತ್ತಡ ಸುಮಾರು ಒಂದೂವರೆ ಪಿಎಸ್‌ಐ ಏರುತ್ತದೆ. ಹೀಗಾಗಿ ಬೆಳಿಗ್ಗೆ 33 ತೋರಿಸಿದ ಟೈರು ಮಧ್ಯಾಹ್ನ ಶಹಾಬಾದಿನಿಂದ ಹಿಂದಿರುಗಿದಾಗ 37 ತೋರಿಸಿದರೆ ಅದು ಸಹಜ. ಆಗ ಬಂಕಿನ ಹುಡುಗ ಗಾಳಿ ಬಿಡಲು ಬಂದರೆ ದಯವಿಟ್ಟು ಬೇಡವೆನ್ನಿ. ಇನ್ನು ನೈಟ್ರೋಜನ್: ನಾವು ಉಸಿರಾಡುವ ಗಾಳಿಯಲ್ಲೇ ಅದು ಶೇ. 78ರಷ್ಟಿದೆ. ಅದರಲ್ಲಿ ತೇವಾಂಶವಿಲ್ಲವೆಂಬ ಸಣ್ಣ ಅನುಕೂಲವುಂಟು. ಬಿಟ್ಟಿಯಾಗಿ ಹಾಕಿದರೆ ಹಾಕಿಸಿಕೊಳ್ಳಿ, ಆದರೆ ಅದನ್ನು ನಂಬಿ ತಿಂಗಳುಗಟ್ಟಲೆ ಒತ್ತಡ ನೋಡದೇ ಇರಬೇಡಿ.

ಅಳತೆಯ ವಿಷಯದಲ್ಲಿ ಅಂಗಡಿಯವರು ಹೇಳಿದ್ದು ಪೂರ್ತಿ ತಪ್ಪಲ್ಲ. 165/80 ಆರ್14 ಎಂದರೆ 165 ಮಿ.ಮೀ. ಅಗಲ, ಆ ಅಗಲದ ಶೇ. 80ರಷ್ಟು ಪಕ್ಕೆಯ ಎತ್ತರ, 14 ಇಂಚಿನ ರಿಮ್. ಒಟ್ಟು ವ್ಯಾಸ ಸುಮಾರು 620 ಮಿ.ಮೀ. ಆಗುತ್ತದೆ. 185/70 ಆರ್14 ಲೆಕ್ಕ ಹಾಕಿದರೆ ಸುಮಾರು 615 ಬರುತ್ತದೆ, ಅಂದರೆ ಸ್ಪೀಡೋಮೀಟರು ಸುಳ್ಳು ಹೇಳುವಷ್ಟು ವ್ಯತ್ಯಾಸವೇನೂ ಇಲ್ಲ. ಆದರೆ ಅಗಲದ ಟೈರಿನಿಂದ ಸ್ಟಿಯರಿಂಗ್ ತುಸು ಭಾರವಾಗುತ್ತದೆ, ಇಂಧನ ತುಸು ಹೆಚ್ಚು ಬೇಕಾಗುತ್ತದೆ, ಬೆಲೆಯೂ ಏರುತ್ತದೆ, ಪಕ್ಕೆಯ ಎತ್ತರವೂ ಸ್ವಲ್ಪ ಇಳಿಯುತ್ತದೆ. ಫರಸಿ ಕಲ್ಲಿನ ಗಣಿಗಳ ಸೀಮೆಯಲ್ಲಿ, ಲಾರಿಗಳಿಂದ ಉದುರಿದ ಚಕ್ಕೆಗಳು ರಸ್ತೆಯಂಚಿನಲ್ಲಿ ಬಿದ್ದಿರುವ ಕಡೆ, ಎತ್ತರದ ಪಕ್ಕೆಯೇ ಗುಂಡಿಯ ಹೊಡೆತದಿಂದ ರಿಮ್ಮನ್ನು ಕಾಯುವುದು. ಕಂಪನಿ ಕೊಟ್ಟ ಅಳತೆಯನ್ನೇ ಇಟ್ಟುಕೊಳ್ಳಿ ಎನ್ನುವುದು ನನ್ನ ಸಲಹೆ. ಅಳತೆಯ ಮುಂದಿರುವ 85 ಟಿ ಎಂಬಂಥ ಗುರುತನ್ನೂ ನೋಡಿ: 85 ಎಂದರೆ ಒಂದು ಟೈರು 515 ಕೆ.ಜಿ. ಹೊರಬಲ್ಲದು, ಟಿ ಎಂದರೆ ಗಂಟೆಗೆ 190 ಕಿ.ಮೀ. ವೇಗವನ್ನು ತಾಳಬಲ್ಲದು. ಹೊಸದರಲ್ಲಿ ಇವೆರಡೂ ಹಳೆಯದಕ್ಕಿಂತ ಕಡಿಮೆಯಿರಕೂಡದು.

ಈಗ ಎರಡು ಬಗೆಯ ಟೈರುಗಳ ಹೋಲಿಕೆ. ಅಪೊಲೊ ಅಮೇಜರ್ 4ಜಿ ಲೈಫ್, ಸಿಯೆಟ್ ಮೈಲೇಜ್ ಎಕ್ಸ್3 ಮೊದಲಾದವುಗಳನ್ನು ಅವುಗಳ ತಯಾರಕರು ಮುಖ್ಯವಾಗಿ ದೀರ್ಘ ಬಾಳಿಕೆಯ ಹೆಸರಿನಲ್ಲಿ ಮಾರುತ್ತಾರೆ. ಗುಡ್‌ಇಯರ್ ಅಶ್ಯೂರೆನ್ಸ್ ಟ್ರಿಪಲ್‌ಮ್ಯಾಕ್ಸ್ 2 ಬಗೆಯವುಗಳನ್ನು ಒದ್ದೆ ರಸ್ತೆಯ ಬ್ರೇಕಿಂಗ್ ಹೆಸರಿನಲ್ಲಿ. ಬಾಳಿಕೆ, ಒದ್ದೆಯಲ್ಲಿ ಹಿಡಿತ, ಇಂಧನದ ಉಳಿತಾಯ ಈ ಮೂರೂ ಒಂದನ್ನೊಂದು ಜಗ್ಗುವ ಗುಣಗಳಾದ್ದರಿಂದ, ಮೂರರಲ್ಲಿಯೂ ಮೊದಲ ಸ್ಥಾನ ಎನ್ನುವ ಜಾಹೀರಾತನ್ನು ನಾನು ನಂಬುವುದಿಲ್ಲ. ಜಾಹೀರಾತಿನ ಒಂದು ಲಕ್ಷ ಕಿ.ಮೀ. ಕೂಡ ನಿಮ್ಮ ರಸ್ತೆಗೆ ಕೊಟ್ಟ ಮಾತೆಂದು ತಿಳಿಯಬೇಡಿ. ಆದರೂ ನಿಮಗೆ ಬಾಳಿಕೆಯ ಟೈರನ್ನೇ ಸೂಚಿಸುತ್ತೇನೆ, ಏಕೆಂದರೆ ನೀವು ವರ್ಷಕ್ಕೆ 15,000 ಕಿ.ಮೀ. ಓಡಿಸುವವರು. 60,000 ಕಿ.ಮೀ. ಬಂದರೂ ನಾಲ್ಕು ವರ್ಷದಲ್ಲಿ ಅದು ಮುಗಿಯುತ್ತದೆ. ಬಿಸಿಲಿಗೆ ರಬ್ಬರು ಗಡುಸಾಗಿ ಬಿರುಕು ಬಿಡುವ ಮೊದಲೇ ಅದರ ಪೂರ್ತಿ ಉಪಯೋಗ ನಿಮಗೆ ದಕ್ಕುತ್ತದೆ. ವರ್ಷಕ್ಕೆ ಐದು ಸಾವಿರ ಓಡಿಸುವವರ ಟೈರು ಸವೆಯುವ ಮುನ್ನವೇ ಮುದಿಯಾಗುವುದರಿಂದ ಅವರಿಗೆ ಬಾಳಿಕೆಗಾಗಿ ಕೊಟ್ಟ ಹಣ ವ್ಯರ್ಥ. ಕೆಲವು ಟೈರುಗಳ ಪಕ್ಕೆಯ ಮೇಲೆ ಅಮೆರಿಕದ ಪದ್ಧತಿಯ ಅಂಕಗಳಿರುತ್ತವೆ. ಅವುಗಳಲ್ಲಿ ಟೆಂಪರೇಚರ್ ಎಂಬುದರ ಮುಂದೆ ಎ, ಬಿ ಅಥವಾ ಸಿ ಎಂದಿರುತ್ತದೆ. ಶಾಖ ತಡೆಯುವುದರಲ್ಲಿ ಎ ಉತ್ತಮ, ಕಲಬುರಗಿಗೆ ಅದು ಸಿಕ್ಕರೆ ಬಿಡಬೇಡಿ. ಟ್ರೆಡ್‌ವೇರ್ (ಸವೆತ ತಾಳುವ ಗುಣ) ಎಂಬುದರ ಮುಂದಿನ 400, 500ರಂಥ ಸಂಖ್ಯೆಯನ್ನು ಮಾತ್ರ ಒಂದೇ ಕಂಪನಿಯ ಎರಡು ಟೈರುಗಳ ನಡುವೆ ಹೋಲಿಸಿ, ಏಕೆಂದರೆ ಅದನ್ನು ನಿಗದಿ ಮಾಡಿಕೊಳ್ಳುವುದು ಆಯಾ ಕಂಪನಿಯೇ.

ಹಣ ಕೊಡುವ ಮುನ್ನ ಬಗ್ಗಿ ತಯಾರಿಕೆಯ ದಿನಾಂಕ ನೋಡಿ. ಡಿಒಟಿ ಅಕ್ಷರಗಳಿಂದ ಆರಂಭವಾಗುವ ಸಾಲಿನ ಕೊನೆಯಲ್ಲಿ ಅಂಡಾಕಾರದ ಗೆರೆಯೊಳಗೆ ನಾಲ್ಕು ಅಂಕಿಗಳಿರುತ್ತವೆ. 1225 ಎಂದಿದ್ದರೆ 2025ರ 12ನೆಯ ವಾರ. ಈ ಸಂಖ್ಯೆ ಟೈರಿನ ಒಂದು ಪಕ್ಕೆಯ ಮೇಲಷ್ಟೇ ಇರಬಹುದಾದ್ದರಿಂದ ರಿಮ್ಮಿಗೆ ಕೂರಿಸುವ ಮೊದಲೇ ಎರಡೂ ಬದಿ ತಿರುಗಿಸಿ ನೋಡಬೇಕು. ಇದನ್ನು ಇಷ್ಟು ಒತ್ತಿ ಹೇಳಲು ಕಾರಣವುಂಟು: ಹಿಂದೊಮ್ಮೆ ಅಂಗಡಿಯೊಂದರಲ್ಲಿ ರಿಯಾಯಿತಿಯ ಆಸೆಗೆ ಬಿದ್ದು ನಾನು ಕೊಂಡ ಎರಡು ಟೈರುಗಳು ಮೂರು ವರ್ಷ ಹಳೆಯವೆಂದು ತಿಳಿದದ್ದು ಮನೆಗೆ ಬಂದು ಕಾರು ತೊಳೆಯುವಾಗ. ಬೆಲೆ ಕೇಳುವಾಗ ಇನ್ನೊಂದನ್ನೂ ನೆನಪಿಡಿ: ಕಾರಿನ ಹೊಸ ಟೈರುಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 28ರ ಬದಲು ಶೇ. 18 ಆಗಿದೆ.

ಪ್ರಶ್ನೆ: ಮಂಗಳೂರಿನಲ್ಲಿ ವರ್ಷಕ್ಕೆ ಐದಾರು ಸಾವಿರ ಕಿ.ಮೀ. ಮಾತ್ರ ಓಡಾಟ. ಮುಂದಿನ ಎರಡು ಟೈರುಗಳು ಸವೆದಿವೆ. ಮಳೆಗಾಲಕ್ಕೆ ಮುಂಚೆ ಎರಡನ್ನೇ ಬದಲಿಸಿದರೆ ಸಾಕೇ?
(ಓದುಗರು, ಮಂಗಳೂರು)

ಉತ್ತರ: ಹಿಂದಿನ ಎರಡು ಇನ್ನೂ ಚೆನ್ನಾಗಿದ್ದರೆ ಸಾಕು, ಆದರೆ ಹೊಸ ಜೋಡಿಯನ್ನು ಹಿಂದಕ್ಕೆ ಹಾಕಿಸಿ, ಹಿಂದಿನ ಜೋಡಿಯನ್ನು ಮುಂದಕ್ಕೆ ತನ್ನಿ. ಎಂಜಿನ್ನು ಎಳೆಯುವುದು ಮುಂದಿನ ಚಕ್ರಗಳನ್ನಾದ್ದರಿಂದ ಹೊಸತು ಮುಂದಿರಬೇಕೆಂದು ಮೆಕ್ಯಾನಿಕ್ ವಾದಿಸಬಹುದು. ನೀರು ನಿಂತ ರಸ್ತೆಯಲ್ಲಿ ಮುಂದಿನ ಚಕ್ರ ಜಾರಿದರೆ ಕಾರು ನೇರ ಸಾಗುತ್ತದೆ, ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಮತ್ತೆ ಹಿಡಿತಕ್ಕೆ ಬರುತ್ತದೆ. ಹಿಂದಿನ ಚಕ್ರ ಜಾರಿದರೆ ಕಾರು ಗಿರಕಿ ಹೊಡೆಯುತ್ತದೆ, ಅದನ್ನು ಸಾಮಾನ್ಯ ಚಾಲಕ ಸರಿಪಡಿಸಲಾರ. ಟೈರಿನ ಮೇಲ್ಮೈಯಲ್ಲಿರುವ ಕಾಲುವೆಗಳ ನಡುವೆ ಅಡ್ಡಲಾಗಿರುವ ಪುಟ್ಟ ಉಬ್ಬುಗಳ ಮಟ್ಟಕ್ಕೆ ಟೈರು ಸವೆದಿದೆಯೆಂದರೆ ಉಳಿದಿರುವ ಆಳ 1.6 ಮಿ.ಮೀ.; ಕರಾವಳಿಯ ಮಳೆಗೆ ಅಲ್ಲಿಯವರೆಗೆ ಕಾಯುವುದು ಜಾಣತನವಲ್ಲ, 3 ಮಿ.ಮೀ. ಇರುವಾಗಲೇ ಬದಲಿಸಿ. ಕಲಬುರಗಿಯವರಿಗೆ ಹೇಳಿದ್ದಕ್ಕೆ ವಿರುದ್ಧವಾಗಿ, ನೀವು ಒದ್ದೆ ಹಿಡಿತದ ಟೈರನ್ನೇ ಆರಿಸಬೇಕು.

ಪ್ರಶ್ನೆ: ಕೆಲಸದ ನಿಮಿತ್ತ ಜರ್ಮನಿಯ ಮ್ಯೂನಿಕ್‌ಗೆ ಬಂದು ಹಳೆಯ ಕಾರು ಕೊಂಡಿದ್ದೇನೆ. ಇಲ್ಲಿ ಬೇಸಿಗೆ ಟೈರು, ಚಳಿಗಾಲದ ಟೈರು ಎಂದು ಬೇರೆ ಬೇರೆ ಮಾರುತ್ತಾರೆ. ಬೇಸಿಗೆಯದನ್ನು ಹೇಗೆ ಆರಿಸುವುದು?
(ಓದುಗರು, ಮ್ಯೂನಿಕ್)

ಉತ್ತರ: ನಮ್ಮಲ್ಲಿ ವರ್ಷವಿಡೀ ಓಡುವುದು ಹೆಚ್ಚುಕಡಿಮೆ ಬೇಸಿಗೆ ಟೈರೇ; ಹೆಸರಿಟ್ಟು ಕರೆಯುವ ಅಗತ್ಯ ನಮಗೆ ಬಿದ್ದಿಲ್ಲ, ಅಷ್ಟೆ. ಅದರ ರಬ್ಬರು ಸುಮಾರು 7 ಡಿಗ್ರಿಗಿಂತ ಕೆಳಗೆ ಗಡುಸಾಗಿ ಹಿಡಿತ ಕಳೆದುಕೊಳ್ಳುತ್ತದೆ ಎಂಬುದು ಅಲ್ಲಿನ ರೂಢಿಯ ಲೆಕ್ಕ. ಹಿಮ, ಕೆಸರುಹಿಮ, ಮಂಜುಗಡ್ಡೆಯಿರುವ ರಸ್ತೆಯಲ್ಲಿ ಜರ್ಮನಿಯ ಕಾನೂನಿನಂತೆ ಬೆಟ್ಟದ ಚಿತ್ರದೊಳಗೆ ಹಿಮದ ಹರಳಿನ ಗುರುತುಳ್ಳ ಟೈರು ಕಡ್ಡಾಯ. ಬರೀ ಎಂ+ಎಸ್ (ಕೆಸರು ಮತ್ತು ಹಿಮ) ಎಂದು ಬರೆದಿದ್ದರೆ 2024ರ ಅಕ್ಟೋಬರ್ 1ರಿಂದ ಸಾಲದು.

ಐರೋಪ್ಯ ಒಕ್ಕೂಟದಲ್ಲಿ 2021ರ ಮೇ 1ರಿಂದ ಜಾರಿಯಲ್ಲಿರುವ ಚೀಟಿ ಪ್ರತಿ ಹೊಸ ಟೈರಿಗೂ ಇರುತ್ತದೆ. ಇಂಧನದ ಉಳಿತಾಯಕ್ಕೂ ಒದ್ದೆ ಹಿಡಿತಕ್ಕೂ ಎ ಯಿಂದ ಇ ವರೆಗೆ ದರ್ಜೆ, ಹೊರಗಿನ ಶಬ್ದಕ್ಕೆ ಡೆಸಿಬಲ್ ಲೆಕ್ಕ ಅದರಲ್ಲಿ ಸಿಗುತ್ತದೆ. ಒದ್ದೆ ಹಿಡಿತದಲ್ಲಿ ಬಿ ಗಿಂತ ಕೆಳಗಿನದನ್ನು ನಾನಾದರೆ ಕೊಳ್ಳಲಾರೆ. ಬಾಳಿಕೆಯಾಗಲಿ ಒಣ ರಸ್ತೆಯ ಬ್ರೇಕಿಂಗ್ ಆಗಲಿ ಆ ಚೀಟಿಯಲ್ಲಿಲ್ಲ. ಅದಕ್ಕಾಗಿ ಅಲ್ಲಿನ ವಾಹನ ಸಂಘವಾದ ಎಡಿಎಸಿ ಪ್ರತಿವರ್ಷ ಪ್ರಕಟಿಸುವ ಬೇಸಿಗೆ ಟೈರಿನ ಪರೀಕ್ಷೆಯಲ್ಲಿ ನಿಮ್ಮ ಅಳತೆಗೆ ಹತ್ತಿರದ್ದನ್ನು ನೋಡಿ. ಅವರು ಚಾಲನೆಯ ಸುರಕ್ಷತೆಗೆ ಶೇ. 70, ಸವೆತವೂ ಸೇರಿದಂತೆ ಪರಿಸರದ ಅಂಶಗಳಿಗೆ ಶೇ. 30 ತೂಕ ಕೊಡುತ್ತಾರೆ. ಅಕ್ಟೋಬರಿನಲ್ಲಿ ಬೇಸಿಗೆ ಟೈರುಗಳನ್ನು ಬಿಚ್ಚಿಸಿದಾಗ ಯಾವುದು ಯಾವ ಚಕ್ರದ್ದೆಂದು ಸೀಮೆಸುಣ್ಣದಲ್ಲಿ ಬರೆದು ನೆರಳಿನಲ್ಲಿ ಎತ್ತಿಡಿ. ಈಸ್ಟರ್ ಕಳೆದು ಮತ್ತೆ ಹಾಕಿಸುವಾಗ ಕಡಿಮೆ ಸವೆದ ಜೋಡಿಯನ್ನು ಹಿಂದಿನ ಚಕ್ರಗಳಿಗೆ ಹಾಕಿಸಲು ಆ ಗುರುತು ಬೇಕಾಗುತ್ತದೆ.